ಉಳಿಕೆ ಸ್ಟಾರ್ಟರ್‌ನ ಸಿಹಿ ಬಾರ್ ಕೆಟ್ಟರೆ: ಮೊದಲು ನೀರಿನ ಲೆಕ್ಕ ನೋಡಿ

ಸೋರ್‌ಡೋ ಬ್ರೆಡ್ ಮಾಡುವವರ ಫ್ರಿಜ್‌ನಲ್ಲಿ ಒಂದು ಜಾಡಿ ಸದಾ ತುಂಬುತ್ತಲೇ ಇರುತ್ತದೆ. ಬ್ರೆಡ್ ಉಬ್ಬಿಸಲು ಹಿಟ್ಟು, ನೀರು ಬೆರೆಸಿ ಹುಳಿಬರಿಸಿ ಸಾಕುವ ಹೆಪ್ಪೇ ಸ್ಟಾರ್ಟರ್; ಅದಕ್ಕೆ ಹೊಸ ಹಿಟ್ಟು, ನೀರು ಕೊಡುವ ಮುನ್ನ ತೆಗೆದಿಟ್ಟ ಉಳಿಕೆ ಅದು. ಮೈಸೂರಿನ ಮಾರ್ಚ್, ಏಪ್ರಿಲ್ ಸೆಕೆಯಲ್ಲಿ ಸ್ಟಾರ್ಟರ್ ನಾಲ್ಕೈದು ಗಂಟೆಯಲ್ಲೇ ಉಬ್ಬಿ ಇಳಿಯುತ್ತದೆ, ಹಾಗಾಗಿ ಆ ತಿಂಗಳುಗಳಲ್ಲಿ ಉಳಿಕೆಯೂ ಹೆಚ್ಚು. ಅದನ್ನು ಚೆಲ್ಲದೆ ಬೆಲ್ಲ, ಬೆಣ್ಣೆ, ಏಲಕ್ಕಿ ಸೇರಿಸಿ ಸಿಹಿ ಬಾರ್ (ಟಿನ್‌ನಲ್ಲಿ ತೆಳ್ಳಗೆ ಬೇಯಿಸಿ ತುಂಡು ಮಾಡುವ ತಿನಿಸು) ಬೇಯಿಸುವ ಮನೆಗಳು ಈಗ ಮೈಸೂರಿನಲ್ಲೂ ಮಂಡ್ಯದಲ್ಲೂ ಸಾಕಷ್ಟಿವೆ. ಬಾರ್ ಕೆಟ್ಟ ದಿನ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಸ್ಟಾರ್ಟರ್ ಸತ್ತುಹೋಗಿದೆಯೇ?"

ಸತ್ತಿದ್ದರೂ ಈ ತಿನಿಸಿಗೆ ನಷ್ಟವಿಲ್ಲ. ಬಾರ್‌ನಲ್ಲಿ ಸ್ಟಾರ್ಟರ್ ಉಬ್ಬಿಸುವ ಕೆಲಸ ಮಾಡುವುದೇ ಇಲ್ಲ. ಕಲಸಿದ ಕೂಡಲೇ ಓವನ್‌ಗೆ ಹೋಗುವ, ಇಷ್ಟೊಂದು ಬೆಲ್ಲ ಮತ್ತು ಬೆಣ್ಣೆ ಇರುವ ಹಿಟ್ಟಿನಲ್ಲಿ ಯೀಸ್ಟ್‌ಗೆ ಬೆಳೆಯಲು ಸಮಯವೂ ಇಲ್ಲ, ಅನುಕೂಲವೂ ಇಲ್ಲ. ಇಲ್ಲಿ ಅದು ಬರೀ ಹುಳಿಯಾದ, ಒದ್ದೆಯಾದ ಹಿಟ್ಟು. ಹಿಟ್ಟು ಎಷ್ಟು, ನೀರು ಎಷ್ಟು, ಹುಳಿ ಎಷ್ಟು ಎಂಬ ಮೂರು ಲೆಕ್ಕ ಸರಿಯಿದ್ದರೆ ಬಾರ್ ಸರಿಯಾಗುತ್ತದೆ. ಈ ಮೂರರಲ್ಲಿ ಹೆಚ್ಚು ತಪ್ಪುವುದು ನೀರಿನ ಲೆಕ್ಕ. ಆದ್ದರಿಂದ ಈ ಕೈಪಿಡಿಯಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹೋಲಿಸಿ ನೋಡಲು ಒಂದು ಅಳತೆ

ದೋಷ ಹುಡುಕಲು ಸರಿಯಾದ ಅಳತೆಯೊಂದು ಕೈಯಲ್ಲಿರಬೇಕು. 20 ಸೆಂಟಿಮೀಟರ್ ಚೌಕದ ಟಿನ್‌ಗೆ ನಾನು ಬಳಸುವುದು ಇದು: ಕರಗಿಸಿದ ಬೆಣ್ಣೆ 115 ಗ್ರಾಂ, ಒಣ ಬೆಲ್ಲದ ಪುಡಿ 180 ಗ್ರಾಂ, ಎರಡು ಮೊಟ್ಟೆಯ ಹಳದಿ, ಉಳಿಕೆ ಸ್ಟಾರ್ಟರ್ 100 ಗ್ರಾಂ, ಮೈದಾ 140 ಗ್ರಾಂ, ಅಡುಗೆ ಸೋಡಾ ಕಾಲು ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ಏಲಕ್ಕಿ ಪುಡಿ ಅರ್ಧ ಟೀ ಚಮಚ, ಗೋಡಂಬಿ ಚೂರು ಮತ್ತು ತುರಿದ ಕೊಬ್ಬರಿ ಸೇರಿ 80 ಗ್ರಾಂ. ಬೆಣ್ಣೆ, ಬೆಲ್ಲ, ಹಳದಿ, ಸ್ಟಾರ್ಟರ್‌ಗಳನ್ನು ಈ ಕ್ರಮದಲ್ಲಿ ಚೆನ್ನಾಗಿ ಬೆರೆಸಿ, ಬೆಲ್ಲ ಕರಗಲು ಹತ್ತು ನಿಮಿಷ ಬಿಡಿ. ಆಮೇಲೆ ಒಣ ಪದಾರ್ಥಗಳನ್ನು ಹಾಕಿ, ಒಣ ಹಿಟ್ಟು ಕಾಣದಷ್ಟು ಮಾತ್ರ ಕಲಸಿ. 175 ಡಿಗ್ರಿ ಸೆಲ್ಸಿಯಸ್‌ನಲ್ಲಿ 24ರಿಂದ 28 ನಿಮಿಷ ಬೇಯಿಸಿ. ಟೂತ್‌ಪಿಕ್ ಚುಚ್ಚಿ ತೆಗೆದಾಗ ಒಂದೆರಡು ತೇವದ ಪುಡಿ ಹತ್ತಿರಬೇಕು, ಹಸಿ ಹಿಟ್ಟು ಹತ್ತಿರಬಾರದು.

ಇಡೀ ಮೊಟ್ಟೆ ಹಾಕದೆ ಹಳದಿ ಮಾತ್ರ ಹಾಕುವುದಕ್ಕೆ ಕಾರಣವಿದೆ. ಬಿಳಿಯ ಭಾಗದಲ್ಲಿ ಸುಮಾರು ಶೇಕಡಾ 90ರಷ್ಟು ನೀರೇ ಇರುತ್ತದೆ. ಸ್ಟಾರ್ಟರ್ ಆಗಲೇ 50 ಗ್ರಾಂ ನೀರು ತಂದಿರುವಾಗ ಎರಡು ಬಿಳಿಯಿಂದ ಇನ್ನೂ 50 ಗ್ರಾಂಗೂ ಹೆಚ್ಚು ಸೇರಿಸುವುದು ಅಂಟಿಗೆ ಆಹ್ವಾನ ಕೊಟ್ಟಂತೆ. ಮೊಟ್ಟೆ ತಿನ್ನದವರು ಹಳದಿಯ ಬದಲು 30 ಗ್ರಾಂ ಕಟ್ಟಿದ ಮೊಸರು ಹಾಕಬಹುದು. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರೇ ಆಗಬೇಕು. ತೆಳು ಮೊಸರನ್ನು ಅಂದಾಜಿನಲ್ಲಿ ಸುರಿದರೆ ಮುಂದೆ ಹೇಳುವ ತೊಂದರೆಗಳೆಲ್ಲ ಅಲ್ಲಿಂದಲೇ ಶುರುವಾಗುತ್ತವೆ.

ಜಾಡಿಯಲ್ಲಿ ಇರುವುದೇನು?

"100 ಗ್ರಾಂ ಸ್ಟಾರ್ಟರ್ ಎಂದರೆ 50 ಗ್ರಾಂ ಹಿಟ್ಟು, 50 ಗ್ರಾಂ ನೀರು" ಎನ್ನುವುದು ತೂಕದಲ್ಲಿ ಸಮಸಮ ಬೆರೆಸಿದ ಸ್ಟಾರ್ಟರ್‌ಗೆ ಮಾತ್ರ ನಿಜ. ನಮ್ಮಲ್ಲಿ ಹಲವರು ಒಂದು ಕಪ್ ಮೈದಾಕ್ಕೆ ಒಂದು ಕಪ್ ನೀರು ಹಾಕಿ ಸಮ ಎಂದುಕೊಳ್ಳುತ್ತಾರೆ. ಒಂದು ಕಪ್ ಮೈದಾ ತೂಗುವುದು ಸುಮಾರು 125 ಗ್ರಾಂ, ಒಂದು ಕಪ್ ನೀರು ಸುಮಾರು 240 ಗ್ರಾಂ. ಹಾಗೆ ಸಾಕಿದ ಸ್ಟಾರ್ಟರ್‌ನ 100 ಗ್ರಾಂನಲ್ಲಿ 66 ಗ್ರಾಂ ನೀರು, 34 ಗ್ರಾಂ ಹಿಟ್ಟು ಇರುತ್ತದೆ. ನೀರು 16 ಗ್ರಾಂ ಹೆಚ್ಚು, ಹಿಟ್ಟು 16 ಗ್ರಾಂ ಕಡಿಮೆ. ಮೇಲಿನ ಅಳತೆಯಲ್ಲಿ ಬೆಣ್ಣೆ, ಹಳದಿ, ಬೆಲ್ಲದಲ್ಲಿರುವ ನೀರೂ ಸೇರಿ ಒಟ್ಟು ಹಿಟ್ಟಿನ ಅರ್ಧದಷ್ಟಿರಬೇಕಾದ ನೀರು ಸುಮಾರು ಮೂರನೇ ಎರಡು ಭಾಗದ ಹತ್ತಿರಕ್ಕೆ ಏರುತ್ತದೆ. ಇದೊಂದೇ ಸಾಕು, ಬಾರ್ ಕಡುಬಿನಂತಾಗಲು.

ಜಾಡಿಯ ವಯಸ್ಸೂ ಮುಖ್ಯ. ವಾರ ಹತ್ತು ದಿನ ಫ್ರಿಜ್‌ನಲ್ಲಿದ್ದ ಸ್ಟಾರ್ಟರ್ ತೆಳ್ಳಗೆ ಹರಿಯುತ್ತದೆ. ಹುಳಿಯೂ ಕಿಣ್ವಗಳೂ ಸೇರಿ ಅದರ ಗ್ಲುಟನ್ (ಹಿಟ್ಟಿಗೆ ಎಳೆ ಕಟ್ಟಿಸುವ ಪ್ರೋಟೀನ್) ಮತ್ತು ಪಿಷ್ಟವನ್ನು ಒಡೆದಿರುತ್ತವೆ. ತೂಕ ಅಷ್ಟೇ, ನೀರೂ ಅಷ್ಟೇ. ಆದರೆ ಆ ನೀರನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಹಿಟ್ಟಿಗೆ ಉಳಿದಿರುವುದಿಲ್ಲ. ಚಮಚದಲ್ಲಿ ಎತ್ತಿದಾಗ ನೀರಿನಂತೆ ಸುರಿದರೆ 100 ಗ್ರಾಂ ಬದಲು 75 ಗ್ರಾಂ ಹಾಕಿ, ಮೈದಾ 15 ಗ್ರಾಂ ಹೆಚ್ಚಿಸಿ. ಮೇಲೆ ನಿಂತ ಬೂದುಬಣ್ಣದ ನೀರು ಹಸಿದ ಸ್ಟಾರ್ಟರ್‌ನ ಗುರುತು, ಅದರಲ್ಲಿ ಮದ್ಯಸಾರದ ಅಂಶ ಇರುತ್ತದೆ, ಅಪಾಯವಿಲ್ಲ. ಬ್ರೆಡ್‌ಗಾದರೆ ಕಲಕಿಬಿಡಬಹುದು, ಬಾರ್‌ಗೆ ಬಗ್ಗಿಸಿ ತೆಗೆಯುವುದು ಒಳ್ಳೆಯದು. ಗುಲಾಬಿ ಅಥವಾ ಕಿತ್ತಳೆ ಬಣ್ಣದ ಗೆರೆ, ನವಿರಾದ ಬೂಷ್ಟು ಕಂಡರೆ ಮಾತ್ರ ಇಡೀ ಜಾಡಿಯನ್ನು ಎಸೆಯಿರಿ. ಮೇಲಿನದನ್ನು ಕೆರೆದು ಉಳಿದದ್ದನ್ನು ಬಳಸುವ ಆಸೆ ಬೇಡ, ಬೇಯಿಸಿದರೆ ಸರಿಹೋಗುತ್ತದೆ ಎಂಬ ನಂಬಿಕೆಯೂ ಬೇಡ.

ಅಂಟಂಟಾದ ಬಾರ್

ಅತಿ ಹೆಚ್ಚು ಕೇಳಿಬರುವ ದೂರು ಇದು. ಮಂಡ್ಯದಲ್ಲಿರುವ ನನ್ನ ಅತ್ತಿಗೆ ಫೋನ್ ಮಾಡಿ, "ನಲವತ್ತು ನಿಮಿಷ ಬೇಯಿಸಿದರೂ ಒಳಗೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆಯಮ್ಮ, ಅಂಚು ನೋಡಿದರೆ ಕಲ್ಲಾಗಿದೆ" ಎಂದಾಗ ನಾನು ಮೊದಲು ಕೇಳಿದ್ದು ಬಿಸಿಯಲ್ಲೇ ಕತ್ತರಿಸಿದಿರಾ ಎಂದು. ಓವನ್‌ನಿಂದ ಈಗಷ್ಟೇ ಬಂದ ಬಾರ್‌ನಲ್ಲಿ ಬೆಣ್ಣೆಯೂ ಬೆಲ್ಲವೂ ಇನ್ನೂ ದ್ರವವಾಗಿಯೇ ಇರುತ್ತವೆ, ಚೆನ್ನಾಗಿ ಬೆಂದದ್ದೂ ಆಗ ಹಸಿಯಂತೆ ಕಾಣುತ್ತದೆ. ಟಿನ್‌ನಲ್ಲೇ ಎರಡು ಗಂಟೆ ಆರಲು ಬಿಡಿ. ತಣ್ಣಗಾದ ಮೇಲೂ ಅಂಟಿದರೆ ಅದು ನಿಜವಾದ ದೋಷ.

ಆಗ ಮೂಲೆಯಿಂದ ಒಂದು ತುಂಡು, ನಡುವಿನಿಂದ ಒಂದು ತುಂಡು ಕತ್ತರಿಸಿ, ಕೊಯ್ದ ಮುಖಗಳನ್ನು ಪಕ್ಕಪಕ್ಕದಲ್ಲಿಟ್ಟು ಬೆಳಕಿನಲ್ಲಿ ನೋಡಿ.

ಎರಡೂ ಒಂದೇ ಸಮ ಅಂಟಾಗಿದ್ದರೆ ನೀರು ಹೆಚ್ಚಾಗಿದೆ ಎಂದೇ ಅರ್ಥ. ಓವನ್ ಮುಟ್ಟಬೇಡಿ. ಮೊದಲು ಸ್ಟಾರ್ಟರ್‌ನ ತೂಕ, ಆಮೇಲೆ ಬೆಣ್ಣೆಯನ್ನು ನೋಡಿ. ಅಂಗಡಿಯ ಪ್ಯಾಕೆಟ್ ಬೆಣ್ಣೆಯಲ್ಲಿ ಕೊಬ್ಬು ಶೇಕಡಾ 80ರ ಆಸುಪಾಸು, ನೀರು ಶೇಕಡಾ 16ರ ಹತ್ತಿರ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ಮಜ್ಜಿಗೆ ಎಷ್ಟು ಉಳಿದಿದೆ ಎಂಬುದು ತೊಳೆದವರ ಕೈಗೆ ಬಿಟ್ಟದ್ದು. ಆ ಬೆಣ್ಣೆಯೇ ಬೇಕೆಂದರೆ ಕರಗಿಸಿ, ಸಣ್ಣ ಉರಿಯಲ್ಲಿ ಚಟಪಟ ಸದ್ದು ಬಹುಮಟ್ಟಿಗೆ ನಿಲ್ಲುವವರೆಗೆ ಕಾಯಿಸಿ, ಆಮೇಲೆ 100 ಗ್ರಾಂ ತೂಗಿ ಹಾಕಿ. ಘಮವೂ ಹೆಚ್ಚು, ನೀರೂ ಹೋಗಿರುತ್ತದೆ. ಬಾಳೆಹಣ್ಣು ಕಿವುಚಿ ಹಾಕಿದ್ದರೆ ಬೇರೆ ಕಾರಣ ಹುಡುಕುವುದೇ ಬೇಡ. ನಂಜನಗೂಡು ರಸಬಾಳೆ ಹಾಗೇ ತಿನ್ನುವ ಹಣ್ಣು. ಬಾರ್‌ಗೆ ಹಾಕಲೇಬೇಕೆಂದರೆ ಸ್ಟಾರ್ಟರ್ ಅನ್ನು ಅರ್ಧಕ್ಕೆ ಇಳಿಸಬೇಕಾಗುತ್ತದೆ.

ಮೂಲೆ ಸರಿಯಿದ್ದು ನಡು ಮಾತ್ರ ಹಸಿಯಾಗಿದ್ದರೆ ಶಾಖ ಒಳಗೆ ತಲುಪಿಲ್ಲ. ಇಲ್ಲಿ ಟಿನ್ ಅಳೆಯಿರಿ. ಹೆಚ್ಚಿನ ಮನೆಗಳಲ್ಲಿರುವುದು ದುಂಡಗಿನ ಕೇಕ್ ಟಿನ್. 20 ಸೆಂಟಿಮೀಟರ್ ಚೌಕದ ತಳ 400 ಚದರ ಸೆಂಟಿಮೀಟರ್. ಅಷ್ಟೇ ಅಗಲದ ದುಂಡು ಟಿನ್‌ನ ತಳ 314 ಮಾತ್ರ. ಅದೇ ಹಿಟ್ಟು ಅದರಲ್ಲಿ ಕಾಲು ಭಾಗಕ್ಕಿಂತಲೂ ಹೆಚ್ಚು ದಪ್ಪವಾಗಿ ಕೂರುತ್ತದೆ. ನಡು ಬೇಯುವಷ್ಟರಲ್ಲಿ ಅಂಚು ಕಲ್ಲಾಗುತ್ತದೆ. ಅತ್ತಿಗೆಯ ಮನೆಯಲ್ಲಿ ಆಗಿದ್ದೂ ಇದೇ. ದುಂಡು ಟಿನ್‌ಗೆ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು ಹಿಟ್ಟು ಮಾತ್ರ ಸುರಿದು, ಉಳಿದದ್ದನ್ನು ಎರಡು ಸ್ಟೀಲ್ ಬಟ್ಟಲಲ್ಲಿ ಬೇಯಿಸಿದಾಗ ಸರಿಯಾಯಿತು. ಗಾಜಿನ ಪಾತ್ರೆಯಾದರೆ ಉಷ್ಣತೆಯನ್ನು 15 ಡಿಗ್ರಿ ಇಳಿಸಿ, ಐದಾರು ನಿಮಿಷ ಹೆಚ್ಚು ಕೊಡಿ. ಗಾಜು ನಿಧಾನಕ್ಕೆ ಕಾಯುತ್ತದೆ, ಕಾದ ಮೇಲೆ ಬಿಸಿ ಬಿಡುವುದಿಲ್ಲ.

ಮೇಲೆ ಸರಿಯಾಗಿದ್ದು ತಳದಲ್ಲಿ ಮಾತ್ರ ಗಾಢವಾದ, ತೇವದ ಪಟ್ಟಿ ಕಂಡರೆ ಎರಡು ಸಾಧ್ಯತೆಗಳು. ಕರಗದ ಬೆಲ್ಲ ಪಾಕವಾಗಿ ಕೆಳಗೆ ಇಳಿದಿರಬಹುದು, ಆಗ ಆ ಪಟ್ಟಿ ಮೇಲಿನ ಭಾಗಕ್ಕಿಂತ ಹೆಚ್ಚು ಸಿಹಿಯಾಗಿರುತ್ತದೆ. ಇಲ್ಲವೇ ಓವನ್‌ನ ಕೆಳಗಿನ ಕಂಬಿ ಸರಿಯಾಗಿ ಕಾಯುತ್ತಿಲ್ಲ, ಆಗ ಪಟ್ಟಿಗೆ ಹಸಿ ಹಿಟ್ಟಿನ ರುಚಿ ಇರುತ್ತದೆ. ನಾಲಿಗೆಯೇ ಇಲ್ಲಿ ತೀರ್ಪು ಕೊಡುತ್ತದೆ.

ಸಣ್ಣ ಓಟಿಜಿಗಳ (ಮನೆಯಲ್ಲಿ ಬಳಸುವ ಪುಟ್ಟ ವಿದ್ಯುತ್ ಓವನ್‌ಗಳ) ಬಗ್ಗೆ ಒಂದು ಮಾತು. ದೀಪ ಆರಿತು ಎಂದರೆ ಒಳಗೆ ಎಲ್ಲೆಡೆ ಬಿಸಿ ಕೂತಿದೆ ಎಂದಲ್ಲ. ಬಿಸಿಯನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ಇರುವ ಜಾಗ ಕಾದಿದೆ ಎಂದಷ್ಟೇ. ದೀಪ ಆರಿದ ಮೇಲೂ ಹತ್ತು ನಿಮಿಷ ಕಾಯಿರಿ. ಗುಂಡಿಯ ಮೇಲಿನ ಅಂಕಿಯನ್ನೂ ಪೂರ್ತಿ ನಂಬಬೇಡಿ, ಒಳಗಿಡುವ ಓವನ್ ಥರ್ಮಾಮೀಟರ್ ಒಂದಿದ್ದರೆ ಹಲವು ವರ್ಷಗಳ ಊಹೆ ತಪ್ಪುತ್ತದೆ. ತೂಕದ ಯಂತ್ರ ಬಿಟ್ಟರೆ ಇದಕ್ಕಿಂತ ಉಪಯುಕ್ತ ಸಾಧನವನ್ನು ನಾನು ಕಂಡಿಲ್ಲ.

ಮೈಸೂರು ಸಮುದ್ರಮಟ್ಟಕ್ಕಿಂತ ಸುಮಾರು 760 ಮೀಟರ್ ಎತ್ತರದಲ್ಲಿದೆ, ಅದಕ್ಕಾಗಿ ಅಳತೆ ಬದಲಿಸಬೇಕೇ ಎಂದು ಕೆಲವರು ಕೇಳುತ್ತಾರೆ. ಇಲ್ಲಿ ನೀರು 97.5 ಡಿಗ್ರಿಯ ಹತ್ತಿರ ಕುದಿಯುತ್ತದೆ ನಿಜ. ತೆಳ್ಳನೆಯ ಬಾರ್‌ಗೆ ಆ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ.

ಬೆಲ್ಲ ಸೋಸಿದ ದಿನ ಕೆಟ್ಟರೆ

ಸಕ್ಕರೆ ಹಾಕಿದಾಗ ಚೆನ್ನಾಗಿ ಬಂದದ್ದು ಬೆಲ್ಲ ಹಾಕಿದಾಗ ಕೆಟ್ಟಿತು ಎಂದರೆ, ಬೆಲ್ಲವನ್ನು ಹೇಗೆ ಹಾಕಿದಿರಿ ಎಂಬುದೇ ಉತ್ತರ. ಮಂಡ್ಯದ ಅಚ್ಚು ಬೆಲ್ಲವಾಗಲಿ ಬಕೆಟ್ ಬೆಲ್ಲವಾಗಲಿ, ಕಬ್ಬಿನ ಸಿಪ್ಪೆ, ಮರಳು ಇರಬಹುದೆಂದು ನೀರಲ್ಲಿ ಕರಗಿಸಿ ಸೋಸುವುದು ನಮ್ಮ ಮನೆಗಳ ಪದ್ಧತಿ. ಒಳ್ಳೆಯ ಪದ್ಧತಿಯೇ. ಪಾಯಸಕ್ಕೆ ಅದರಿಂದ ಬಾಧಕವಿಲ್ಲ. ಬಾರ್‌ಗೆ ಮಾತ್ರ ಆ ಕಾಲು ಕಪ್ ನೀರು ಮುಳುಗುನೀರು.

ಸೋಸುವುದನ್ನು ಬಿಡಬೇಕಿಲ್ಲ, ನೀರನ್ನು ಮರಳಿ ಇಂಗಿಸಬೇಕು. ಖಾಲಿ ಪಾತ್ರೆಯನ್ನು ತೂಗಿ ಬರೆದಿಡಿ. 180 ಗ್ರಾಂ ಬೆಲ್ಲಕ್ಕೆ 60 ಗ್ರಾಂ ನೀರು ಹಾಕಿ ಕರಗಿಸಿ, ಸೋಸಿ, ಅದೇ ಪಾತ್ರೆಗೆ ವಾಪಸು ಹಾಕಿ ಕುದಿಸಿ. ಪಾತ್ರೆಯ ತೂಕ ಕಳೆದರೆ 195 ಗ್ರಾಂ ಉಳಿಯುವಂತೆ ಇಳಿಸಿ. ಎಳೆ ಪಾಕ ನೋಡಿ ಕೈಪಳಗಿದವರಿಗೆ ತೂಕದ ಗೊಡವೆ ಅನಗತ್ಯ ಎನ್ನಿಸಬಹುದು. ಆದರೆ ಎಳೆಯ ಪರೀಕ್ಷೆ ಉಂಡೆ ಕಟ್ಟಲು, ಚಿಕ್ಕಿ ಹೊಯ್ಯಲು ಬಂದದ್ದು. ಇಲ್ಲಿ ನಮಗೆ ಬೇಕಿರುವುದು ಉಳಿದ ನೀರಿನ ಅಂಕಿ, ಅದನ್ನು ಹೇಳುವುದು ತೂಕ ಒಂದೇ. ಪಾಕ ಕೈಗೆ ಬೆಚ್ಚಗೆ ತಾಗುವಷ್ಟು ಆರಿದ ಮೇಲೆ ಬೆಣ್ಣೆಗೆ ಬೆರೆಸಿ. ಬಿಸಿ ಪಾಕಕ್ಕೆ ಹಳದಿ ಬಿದ್ದರೆ ಗಂಟುಗಂಟಾಗಿ ಬೆಂದುಹೋಗುತ್ತದೆ.

ಮಳೆಗಾಲದಲ್ಲಿ ಡಬ್ಬಿಯ ಬೆಲ್ಲ ತಾನೇ ನೀರು ಎಳೆದುಕೊಂಡು ಮೆತ್ತಗಾಗುತ್ತದೆ, ಕೆಲವೊಮ್ಮೆ ಹುಳಿವಾಸನೆ ಬರುತ್ತದೆ. ವಾಸನೆ ಬಂದ ಬೆಲ್ಲ ಬೇಡ. ಮೆತ್ತಗಾದದ್ದನ್ನು ಮೇಲಿನಂತೆ ಕರಗಿಸಿ ಇಂಗಿಸಿ ಬಳಸಬಹುದು.

ಹುಳಿ, ಸಾಬೂನಿನ ರುಚಿ ಮತ್ತು ಬಣ್ಣ

ಸೋಡಾ ಮತ್ತು ಸ್ಟಾರ್ಟರ್‌ನ ಹುಳಿ ಒಂದನ್ನೊಂದು ತಗ್ಗಿಸುತ್ತವೆ. ಆ ಕ್ರಿಯೆಯಲ್ಲಿ ಹೊರಡುವ ಇಂಗಾಲದ ಡೈಆಕ್ಸೈಡ್ ಬಾರ್‌ಗೆ ಹಗುರತನ ಕೊಡುತ್ತದೆ. ಚೆನ್ನಾಗಿ ಹುಳಿತ 100 ಗ್ರಾಂ ಸ್ಟಾರ್ಟರ್‌ಗೆ ಕಾಲು ಟೀ ಚಮಚ ಸೋಡಾ ಸಾಕು. ಒಂದು ಚಮಚ ಹಾಕಿದರೆ ಬಹುಪಾಲು ಹಾಗೇ ಉಳಿದು ನಾಲಿಗೆಗೆ ಸಾಬೂನು ತಾಗಿದಂತಾಗುತ್ತದೆ.

ಬಣ್ಣವೂ ಇದೇ ಲೆಕ್ಕವನ್ನು ಹೇಳುತ್ತದೆ. ಹುಳಿ ಹೆಚ್ಚಿದ್ದ ಹಿಟ್ಟು ಬೇಗ ಕಂದಾಗುವುದಿಲ್ಲ, ಸೋಡಾ ಹೆಚ್ಚಿದ್ದದ್ದು ಬೇಗ ಕಂದಾಗುತ್ತದೆ. ಬಾರ್ ಪೂರ್ತಿ ಬೆಂದರೂ ಮೇಲ್ಭಾಗ ಪೇಲವವಾಗಿ, ತಿಂದ ಮೇಲೆ ಗಂಟಲಲ್ಲಿ ಹುಳಿ ಉಳಿದರೆ ಜಾಡಿ ಹಳೆಯದು. ಹದಿನೈದು ನಿಮಿಷಕ್ಕೇ ಮೇಲೆಲ್ಲ ಕಡುಕಂದಾಗಿ, ಒಳಗೂ ಗಾಢ ಬಣ್ಣ ತಿರುಗಿ, ಸಾಬೂನಿನ ರುಚಿ ಇದ್ದರೆ ಸೋಡಾ ಹೆಚ್ಚು, ಅಥವಾ ಸ್ಟಾರ್ಟರ್ ಇನ್ನೂ ಹುಳಿಯದ್ದು. ಹೊಸ ಹಿಟ್ಟು ಕೊಟ್ಟು ಎರಡು ಗಂಟೆಯೂ ಆಗದ ಸ್ಟಾರ್ಟರ್‌ನಲ್ಲಿ ಸೋಡಾ ಕರಗಿಸುವಷ್ಟು ಹುಳಿ ಇರುವುದಿಲ್ಲ. ಅಂಥದ್ದನ್ನು ಬಳಸಿದ ದಿನ ಸೋಡಾ ಒಂದು ಚಿಟಿಕೆಗೆ ಇಳಿಸಿ, ಅರ್ಧ ಟೀ ಚಮಚ ಬೇಕಿಂಗ್ ಪೌಡರ್ ಹಾಕಿ.

ಗಾಢ ಬೆಲ್ಲದ ಬಾರ್‌ನಲ್ಲಿ ಬಣ್ಣ ನೋಡಿ ಹೇಳುವುದು ಕಷ್ಟ, ರುಚಿಯನ್ನೇ ನಂಬಿ. ಬೆಲ್ಲದ ಹುಳಿಯೂ ಒಂದೇ ಸಮ ಇರುವುದಿಲ್ಲ. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಸುವಾಗ ಕೊಳೆ ತೆಗೆಯಲು ಸುಣ್ಣ ಹಾಕುತ್ತಾರೆ, ಎಷ್ಟು ಹಾಕುತ್ತಾರೆ ಎಂಬುದು ಆಲೆಮನೆಯಿಂದ ಆಲೆಮನೆಗೆ ಬೇರೆ. ಬೆಲ್ಲ ಬದಲಿಸಿದ ತಿಂಗಳು ಇದ್ದಕ್ಕಿದ್ದಂತೆ ರುಚಿ ಬದಲಾದರೆ ಆಶ್ಚರ್ಯಪಡಬೇಡಿ. ಅಳತೆ ಹಾಗೇ ಇಟ್ಟು ಸೋಡಾವನ್ನು ಮಾತ್ರ ಸ್ವಲ್ಪ ಹೆಚ್ಚು ಕಡಿಮೆ ಮಾಡಿ.

ರಬ್ಬರಿನಂಥ ಬಾರ್, ಜಿಡ್ಡು ಬಿಟ್ಟ ಬಾರ್

ಕಚ್ಚಿದರೆ ಎಳೆದುಕೊಳ್ಳುವ, ಬ್ರೆಡ್ಡಿನ ಹಾಗಿರುವ ಬಾರ್‌ಗೆ ಕಾರಣ ಕಲಸಿದ ಕ್ರಮ. ಸ್ಟಾರ್ಟರ್‌ನಲ್ಲಿ ಆಗಲೇ ಗ್ಲುಟನ್ ಎಳೆಗಟ್ಟಿರುತ್ತದೆ. ಅದನ್ನು ಮೈದಾ ಜೊತೆ ಮೊದಲೇ ಕಲಸಿದರೆ ಎಳೆ ಇನ್ನೂ ಬಲಗೊಳ್ಳುತ್ತದೆ. ಮೊದಲು ಬೆಣ್ಣೆ, ಬೆಲ್ಲಕ್ಕೆ ಸೇರಿಸಿದರೆ ಕೊಬ್ಬು ಎಳೆಗಳನ್ನು ಆವರಿಸುತ್ತದೆ. ಮೈದಾ ಬದಲು ಪೂರ್ತಿ ಚಪಾತಿ ಹಿಟ್ಟು ಬಳಸಿದವರಿಗೂ ಬಾರ್ ಗಟ್ಟಿಯಾಗುತ್ತದೆ, ಅದು ನೀರನ್ನು ಹೆಚ್ಚು ಹೀರುತ್ತದೆ. 140 ಗ್ರಾಂ ಮೈದಾದಲ್ಲಿ 40 ಗ್ರಾಂ ತೆಗೆದು ರಾಗಿ ಹಿಟ್ಟು ಹಾಕುವುದು ನನಗೆ ಬಹಳ ಇಷ್ಟ. ಬೆಲ್ಲ, ಕೊಬ್ಬರಿಯ ಜೊತೆ ರಾಗಿಯ ಸುವಾಸನೆ ಚೆನ್ನಾಗಿ ಕೂಡುತ್ತದೆ. ಆದರೆ ರಾಗಿ ನೀರು ಹೀರುವುದು ನಿಧಾನ. ಕಲಸಿದ ಮೇಲೆ ಅರ್ಧ ಗಂಟೆ ಬಿಡದಿದ್ದರೆ ಹಲ್ಲಿಗೆ ಮರಳು ಸಿಕ್ಕಂತಾಗುತ್ತದೆ. ಹಾಗೆ ಬಿಡುವಾಗ ಸೋಡಾವನ್ನು ಕೊನೆಯಲ್ಲಿ, ಓವನ್‌ಗೆ ಇಡುವ ಮುನ್ನ ಬೆರೆಸಿ. ಮೊದಲೇ ಹಾಕಿದರೆ ಅನಿಲವೆಲ್ಲ ಬಟ್ಟಲಲ್ಲೇ ಹೋಗಿರುತ್ತದೆ.

ಮೇಲೆ ಬೆಣ್ಣೆ ಕೊಳದಂತೆ ನಿಂತರೆ, ಸ್ಟಾರ್ಟರ್ ಅನ್ನು ಫ್ರಿಜ್‌ನಿಂದ ನೇರವಾಗಿ ಹಾಕಿರಬೇಕು. ತಣ್ಣನೆಯ ಸ್ಟಾರ್ಟರ್ ತಾಗಿದ ಕೂಡಲೇ ಕರಗಿದ ಬೆಣ್ಣೆ ಸಣ್ಣ ಗಂಟುಗಳಾಗಿ ಹೆಪ್ಪುಗಟ್ಟುತ್ತದೆ, ಓವನ್‌ನಲ್ಲಿ ಅದೇ ಕರಗಿ ಬೇರ್ಪಡುತ್ತದೆ. ಡಿಸೆಂಬರ್ ಬೆಳಗಿನಲ್ಲಿ ಇದು ಹೆಚ್ಚು. ಜಾಡಿಯನ್ನು ಒಂದು ಗಂಟೆ ಹೊರಗಿಟ್ಟರೆ ಸಾಕು.

ನಡು ಕುಸಿದರೆ ಒಂದೋ ಸೋಡಾ ಹೆಚ್ಚು, ಇಲ್ಲವೇ ಮೊದಲ ಹದಿನೈದು ನಿಮಿಷದಲ್ಲಿ ಬಾಗಿಲು ತೆಗೆದಿದ್ದೀರಿ. ಬೇಯುವಾಗ ಕರೆಂಟ್ ಹೋದರೆ ಬಾಗಿಲು ತೆಗೆಯದೆ ಕಾಯಿರಿ. ಇಪ್ಪತ್ತು ನಿಮಿಷ ದಾಟಿದ್ದರೆ ಒಳಗಿನ ಬಿಸಿಯಲ್ಲೇ ಬಹುಮಟ್ಟಿಗೆ ಬೇಯುತ್ತದೆ. ಆರಂಭದಲ್ಲೇ ಹೋದರೆ ಕರೆಂಟ್ ಬಂದ ಮೇಲೆ ಪೂರ್ತಿ ಬೇಯಿಸಬಹುದು, ಆದರೆ ಬಾರ್ ಒತ್ತಾಗಿ ಬರುತ್ತದೆ.

ಕೆಟ್ಟದ್ದನ್ನು ಉಳಿಸಿಕೊಳ್ಳುವುದು

ಮಾರನೆಯ ದಿನ ಮೇಲ್ಮೈ ಜಿಗುಟಾದರೆ ಅದು ಬೇಯಿಸಿದ ದೋಷವಲ್ಲ, ಬೆಲ್ಲ ಗಾಳಿಯ ತೇವ ಎಳೆದುಕೊಂಡಿದೆ, ಅಥವಾ ಬೆಚ್ಚಗಿರುವಾಗಲೇ ಡಬ್ಬಿ ಮುಚ್ಚಿದ್ದೀರಿ. ಪೂರ್ತಿ ಆರಿದ ಮೇಲೆ ತುಂಡುಗಳ ನಡುವೆ ಬಟರ್ ಪೇಪರ್ ಇಟ್ಟು ಮುಚ್ಚಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫ್ರಿಜ್‌ನಲ್ಲಿಡುವುದು ಉತ್ತಮ.

ಅಂಟಾದ ಬಾರ್ ಅನ್ನು ಎಸೆಯಬೇಡಿ. ಬೆರಳಗಲದ ತುಂಡುಗಳಾಗಿ ಕೊಯ್ದು, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ, 150 ಡಿಗ್ರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ, ಒಮ್ಮೆ ಮಗುಚಿ ಹಾಕಿ ಬೇಯಿಸಿ. ನೀರು ಹೋಗಿ ರಸ್ಕಿನಂತೆ ಗರಿಯಾಗುತ್ತದೆ, ಸಂಜೆಯ ಕಾಫಿಗೆ ಮಕ್ಕಳೂ ಹಿರಿಯರೂ ಕೇಳಿ ತಿನ್ನುತ್ತಾರೆ. ಹುಳಿ ಹೆಚ್ಚಾದದ್ದು ಪುಡಿಮಾಡಿ ಬಾಳೆಹಣ್ಣು, ಜೇನುತುಪ್ಪದ ಜೊತೆ ಮುಗಿಯುತ್ತದೆ. ಸೋಡಾ ಹೆಚ್ಚಾಗಿ ಸಾಬೂನಿನ ರುಚಿ ಬಂದದ್ದಕ್ಕೆ ಮಾತ್ರ ಉಪಾಯವಿಲ್ಲ. ಮುಂದಿನ ಸಲ ಸೋಡಾವನ್ನು ಚಮಚದ ಅಂಚಿಗೆ ಚಾಕು ಎಳೆದು, ಮಟ್ಟಸವಾಗಿ ಅಳೆದು ಹಾಕಿ.